ಗೋಸುಂಬೆ ಸಾಕುವ ಪ್ರಾಣಿಯೇ?

ವಯಸ್ಸಾದಂತೆ ಸಿಟ್ಟು ಆರುತ್ತದೆ ಎಂದು ನನಗೆ ಸಮಾಧಾನ ಹೇಳಿದವರು ಬಹಳ ಮಂದಿ. ನನ್ನದು ಆರಿಲ್ಲ. ಮಧುಗಿರಿಯ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಡೆದದ್ದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಅರ್ಧಕ್ಕೇ ಕಾಗದ ಹರಿದು ಎದ್ದಿದ್ದೇನೆ. ಈ ಸಲ ಹರಿಯುವುದಿಲ್ಲ.

ಆಗ ಮಹಾರಾಜರ ಕಾಲ. ನನಗೆ ಇಪ್ಪತ್ತೆರಡು ವರ್ಷ, ತರಬೇತಿ ಮುಗಿಸಿ ಸಿಕ್ಕಿದ ಮೊದಲ ಕೆಲಸ. ಅಪ್ಪ ತೀರಿಕೊಂಡಿದ್ದರು. ಅಮ್ಮನನ್ನು ಕರೆದುಕೊಂಡು ಬಂದು ಬೆಟ್ಟದ ಬುಡದ ಬೀದಿಯಲ್ಲಿ ಒಂದು ಮನೆ ಹಿಡಿದೆ. ಸ್ಕೂಲಿನಲ್ಲಿ ಇದ್ದದ್ದು ಇಬ್ಬರೇ: ನಾನು ಮತ್ತು ಹೆಡ್ ಮೇಷ್ಟ್ರು. ಮೇಷ್ಟ್ರು ಒಳ್ಳೆಯವರು, ವ್ಯಾಕರಣ ಚೆನ್ನಾಗಿ ಬಲ್ಲವರು, ಯಾರಿಗೂ ಎದುರಾಡದವರು. ನಮ್ಮಿಬ್ಬರ ಮೇಲೆ ಸ್ಕೂಲು ಕಮಿಟಿ. ಆ ಕಮಿಟಿಯ ಅಧ್ಯಕ್ಷರು ಊರಿನ ದೊಡ್ಡ ಮಂಡಿಯ ಯಜಮಾನರು. ಸ್ಕೂಲಿನ ಕಟ್ಟಡ ಅವರದೇ ಆದ್ದರಿಂದ, ಒಳಗಿರುವ ಬೆಂಚು, ಬೋರ್ಡು, ಮಕ್ಕಳು, ನಾವಿಬ್ಬರು ಎಲ್ಲವೂ ತಮ್ಮದೇ ಎಂದು ಅವರು ತಿಳಿದಿದ್ದರು.

ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಬೆಟ್ಟದ ಹಿಂದಿನ ಹಟ್ಟಿಯಿಂದ ಬರುತ್ತಿದ್ದಳು. ಹನ್ನೆರಡು ವರ್ಷ. ಅವಳಪ್ಪ ಕುರಿ ಮೇಯಿಸುವವನು. ಆ ಹಟ್ಟಿಯಿಂದ ಅವಳಿಗಿಂತ ಮುಂಚೆ ಯಾವ ಹೆಣ್ಣುಮಗುವೂ ಸ್ಕೂಲಿಗೆ ಬಂದಿರಲಿಲ್ಲ. ಅವಳೂ ತಾನಾಗಿ ಬಂದವಳಲ್ಲ. ಒಂದು ಭಾನುವಾರ ನಾನೇ ಹಟ್ಟಿಗೆ ಹೋಗಿ, ಅವರ ಮನೆಯ ಮುಂದಿನ ಕಲ್ಲಿನ ಮೇಲೆ ಕೂತು, ಅವಳ ತಾಯಿಯನ್ನು ಮಧ್ಯಾಹ್ನದವರೆಗೆ ಕಾಡಿಬೇಡಿ ಒಪ್ಪಿಸಿದ್ದೆ. ಓದಿದರೆ ಏನಾಗ್ತಾಳೆ ಎಂದು ಆ ತಾಯಿ ಕೇಳಿದಾಗ, ನನ್ನ ಹಾಗೆ ಆಗಬಹುದು ಎಂದು ದೊಡ್ಡ ಮಾತಾಡಿದ್ದೆ. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಸಿಟ್ಟಿನಲ್ಲಿ ದೊಡ್ಡ ಪಾಲು ನನಗೇ ಸೇರಬೇಕಾದದ್ದು.

ಹುಡುಗಿ ಒಂದೂವರೆ ವರ್ಷದಲ್ಲಿ ಮೂರು ವರ್ಷದ ಪಾಠ ಮುಗಿಸಿದಳು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವಳು. ಗೋಡೆಗೆ ಅಂಟಿಸಿದ ನೋಟೀಸು, ಬೆಂಕಿಪೊಟ್ಟಣದ ಮೇಲಿನ ಅಕ್ಷರ, ಬೆಲ್ಲ ಕಟ್ಟಿಕೊಟ್ಟ ಹಳೇ ಪತ್ರಿಕೆಯ ತುಂಡು, ಏನಾದರೂ ಆಗಬಹುದು.

ಶ್ರಾವಣದ ಮೊದಲ ಮಳೆಗಳು ಬಿದ್ದ ಮೇಲೆ ಒಂದು ಬೆಳಿಗ್ಗೆ ಅವಳು ತಂಗಡಿ ಗಿಡದ ಕೊಂಬೆಯೊಂದನ್ನು ಕೈಯಲ್ಲಿ ಹಿಡಿದು ಬಂದಳು. ಕೊಂಬೆಯ ಮೇಲೆ ಒಂದು ಗೋಸುಂಬೆ ಕೂತಿತ್ತು. ನಾನು ಅಷ್ಟು ಚಿಕ್ಕದನ್ನು ಅದುವರೆಗೆ ನೋಡಿರಲಿಲ್ಲ. ಬಾಲದ ಸುರುಳಿ ಬಿಟ್ಟರೆ ನನ್ನ ನಡುಬೆರಳಿನಷ್ಟೇ ಉದ್ದ. ಎಳೆ ಹಸಿರು ಮೈ, ಇಕ್ಕಳದಂಥ ಪಾದಗಳು, ಒಂದು ಕಣ್ಣು ನನ್ನ ಕಡೆಗಿದ್ದರೆ ಇನ್ನೊಂದು ಕಿಟಕಿಯ ಕಡೆಗೆ. ಮಳೆಗೆ ಗಿಡದಿಂದ ಜಾರಿ ಕಾಲುದಾರಿಯಲ್ಲಿ ಬಿದ್ದಿತ್ತಂತೆ, ಗಾಡಿ ಚಕ್ರಕ್ಕೆ ಸಿಗಬಾರದೆಂದು ಎತ್ತಿಕೊಂಡು ಬಂದೆ ಎಂದಳು.

ಮೊದಲ ಗಳಿಗೆಯಲ್ಲಿ ಉಳಿದ ಹುಡುಗಿಯರೆಲ್ಲ ಗೋಡೆಗೆ ಅಂಟಿಕೊಂಡರು. ಗೋಸುಂಬೆ ಕಚ್ಚಿದರೆ ವಿಷ, ಅದರ ಉಸಿರು ತಾಕಿದರೆ ಮೈಮೇಲೆ ಚಿಬ್ಬು ಏಳುತ್ತದೆ ಎಂದು ಅವರವರ ಮನೆಗಳಲ್ಲಿ ಹೇಳಿಕೊಟ್ಟಿದ್ದರು. ನನಗೂ ಭಯವಿತ್ತು. ಆದರೆ ಪಾಠ ಹೇಳುವವಳ ಮರ್ಯಾದೆ ಅಂತ ಒಂದು ಇರುತ್ತದಲ್ಲ, ಕೈ ಚಾಚಿದೆ. ಅದು ನಿಧಾನವಾಗಿ ಒಂದೊಂದೇ ಪಾದ ಇಟ್ಟು, ಪ್ರತಿ ಹೆಜ್ಜೆಗೂ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತಾ ನನ್ನ ಮಣಿಕಟ್ಟಿನವರೆಗೆ ಬಂತು. ಏನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಹುಡುಗಿಯರೆಲ್ಲ ಸುತ್ತ ನೆರೆದು, ಇದನ್ನು ಸ್ಕೂಲಲ್ಲೇ ಸಾಕೋಣ ಎಂದು ಹಟ ಹಿಡಿದರು.

ನಾನು ಒಂದು ಉಪಾಯ ಮಾಡಿದೆ. ಸಾಕಬಹುದೋ ಬಾರದೋ ನೀವೇ ತೀರ್ಮಾನಿಸಿ, ಆದರೆ ಐದು ದಿನ ಅದನ್ನು ನೋಡಿ, ನೋಡಿದ್ದನ್ನು ಬರೆದು, ಆಮೇಲೆ ಹೇಳಬೇಕು ಎಂದೆ. ಒಂದು ಮಡಕೆಗೆ ಮರಳು ತುಂಬಿ ಕೊಂಬೆ ನೆಟ್ಟು ಕಿಟಕಿಯ ಹತ್ತಿರ ಇಟ್ಟೆವು. ನನ್ನ ಉಪಾಧ್ಯಾಯ ವೃತ್ತಿಯಲ್ಲಿ ಆ ಐದು ದಿನಗಳಷ್ಟು ಚೆನ್ನಾಗಿ ನಾನು ಯಾವತ್ತೂ ಪಾಠ ಮಾಡಿಲ್ಲ. ಮಾಡಿದವಳು ನಾನಲ್ಲ ಎನ್ನುವುದೇ ಅದಕ್ಕೆ ಕಾರಣ.

ಎರಡನೆಯ ದಿನ ಬಟ್ಟಲಲ್ಲಿ ಇಟ್ಟ ನೀರು ಹಾಗೆಯೇ ಇತ್ತು. ಇದು ಬಟ್ಟಲಲ್ಲಿ ಕುಡಿಯುವ ಜಾತಿಯಲ್ಲ ಎಂದು ಹಟ್ಟಿಯ ಹುಡುಗಿ ಎಲೆಗಳ ಮೇಲೆ ನೀರು ಚಿಮುಕಿಸಿದಳು. ಅದು ಹನಿಗಳನ್ನು ನೆಕ್ಕಿತು. ಸತ್ತ ಮಿಡತೆಯನ್ನು ತಿರುಗಿಯೂ ನೋಡಲಿಲ್ಲ. ಜೀವಂತ ಮಿಡತೆ ಕೊಂಬೆಯ ಮೇಲೆ ಅಲುಗಿದ ಕೂಡಲೇ ಮೈಯಷ್ಟೇ ಉದ್ದದ ನಾಲಗೆ ಹೊರಗೆ ಬಂದು ಒಳಗೆ ಹೋಯಿತು. ಒಬ್ಬಳು ತನ್ನ ಕೆಂಪು ಲಂಗದ ಮೇಲೆ ಅದನ್ನು ಬಿಟ್ಟು, ಕೆಂಪಾಗುತ್ತದೆಂದು ಕಾದಳು. ಆಗಲಿಲ್ಲ. ಬೆಳಗಿನ ಚಳಿಯಲ್ಲಿ ಕಪ್ಪಗಿರುತ್ತಿತ್ತು, ಬಿಸಿಲು ಬಿದ್ದಂತೆ ತಿಳಿಯಾಗುತ್ತಿತ್ತು, ಕೈಯಿಂದ ಕೈಗೆ ದಾಟಿಸಿದಾಗ ಮತ್ತೆ ಕಪ್ಪಾಗುತ್ತಿತ್ತು. ಕೂತ ಬಟ್ಟೆಗೂ ಅದರ ಬಣ್ಣಕ್ಕೂ ಸಂಬಂಧವಿಲ್ಲ, ಅದರ ಒಳಗೆ ಏನಾಗುತ್ತಿದೆಯೋ ಅದಕ್ಕೆ ಸಂಬಂಧ ಎಂಬುದನ್ನು ಹನ್ನೆರಡು ವರ್ಷದ ಮಕ್ಕಳು ತಮ್ಮ ಕಣ್ಣಿಂದಲೇ ಕಂಡುಕೊಂಡರು. ನಾನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಐದನೆಯ ದಿನ ಒಬ್ಬೊಬ್ಬರೇ ಎದ್ದು ಹೇಳಬೇಕಿತ್ತು. ಹೆಚ್ಚಿನವರು ಸಾಕೋಣ ಎಂದರು. ಮುದ್ದಾಗಿದೆ, ಗದ್ದಲ ಮಾಡುವುದಿಲ್ಲ, ಗಲೀಜು ಮಾಡುವುದಿಲ್ಲ. ಹಟ್ಟಿಯ ಹುಡುಗಿ ಕೊನೆಗೆ ಎದ್ದಳು.

"ನಾಯಿ ನಮ್ ಹಿಂದೆ ಬತ್ತದೆ, ಕುರಿಮರಿ ಕರದ್ರೆ ಬತ್ತದೆ. ಸಾಕೋದು ಅಂದ್ರೆ ಅದ್ಕೂ ನಾವು ಬೇಕಾಗಿರ್ಬೇಕು ಅಲ್ವ ಅಮ್ಮಾರೇ? ಇದ್ಕೆ ನಾವ್ಯಾಕೆ ಬೇಕು? ನಾವು ಮುಟ್ಟಿದಾಗ್ಲೆಲ್ಲ ಕಪ್ಪಾಯ್ತದೆ."

ಆಮೇಲೆ ಕೈ ಎತ್ತಿಸಿದೆ. ಇಬ್ಬರನ್ನು ಬಿಟ್ಟು ಎಲ್ಲರೂ, ಮರುದಿನ ಅದನ್ನು ತಂಗಡಿ ಗಿಡಕ್ಕೆ ಬಿಟ್ಟು ಬರೋಣ ಎಂದು ಕೈ ಎತ್ತಿದರು.

ಆ ಮರುದಿನ ಬರಲಿಲ್ಲ. ಸಂಜೆ ಸ್ಕೂಲು ಬಿಡುವ ಹೊತ್ತಿಗೆ ಅಧ್ಯಕ್ಷರು ಬಂದರು. ಮರುದಿನ ಮೇಲಿನ ಅಧಿಕಾರಿಯೊಬ್ಬರು ಸವಾರಿ ಬರುವವರಿದ್ದರು, ಇವರ ಮನೆಯಲ್ಲೇ ಉಪಚಾರ, ನಮ್ಮ ಹುಡುಗಿಯರು ಅಲ್ಲಿ ಸ್ವಾಗತದ ಹಾಡು ಹೇಳಬೇಕಿತ್ತು. ಅದನ್ನು ಜ್ಞಾಪಿಸಲು ಬಂದವರು ಮಡಕೆಯ ಮುಂದೆ ನಿಂತರು. ಬಣ್ಣ ಬದಲಾಯಿಸುವ ಪ್ರಾಣಿಯನ್ನು ಸಾಹೇಬರಿಗೆ ತೋರಿಸಿದರೆ ಒಳ್ಳೇ ತಮಾಷೆಯಾಗುತ್ತದೆ, ಮನೆಗೆ ಕಳಿಸಿ ಎಂದರು. ನಾಳೆ ಅದನ್ನು ಬಿಡುವುದೆಂದು ಮಕ್ಕಳು ತೀರ್ಮಾನಿಸಿದ್ದಾರೆ ಎಂದು ನಾನು ಹೇಳಿದೆ.

"ತೀರ್ಮಾನ?" ಎಂದರು ಅವರು, ಮೇಷ್ಟರ ಕಡೆ ನೋಡಿ. "ಒಂದು ಹುಳ ಕಣಮ್ಮ ಅದು."

ಮೇಷ್ಟ್ರು ಮಡಕೆಯನ್ನು ಎತ್ತಿ ಅವರ ಆಳಿನ ಕೈಗೆ ಕೊಟ್ಟರು. ನಾನು ನೋಡುತ್ತಾ ನಿಂತೆ. ಹೆಚ್ಚು ಮುಟ್ಟಬೇಡಿ, ಎಲೆಯ ಮೇಲೆ ನೀರು ಚಿಮುಕಿಸಿ ಎಂದು ಬಾಗಿಲವರೆಗೂ ಹೇಳುತ್ತಾ ಹೋದೆ. ಅವರು ಮಗುವಿನ ತೊದಲು ಕೇಳಿದವರಂತೆ ತಲೆಯಾಡಿಸಿದರು.

ಮರುದಿನ ನಾಲ್ಕು ಗಂಟೆಗೆ ಅವರ ಮನೆಯ ಪಡಸಾಲೆಯಲ್ಲಿ ಹುಡುಗಿಯರು ಸಾಲಾಗಿ ನಿಂತು ಹಾಡಿದರು. ಊರಿನ ಹತ್ತಾರು ಗಣ್ಯರು ಜಮಖಾನದ ಮೇಲೆ, ಅಧಿಕಾರಿ ಕುರ್ಚಿಯ ಮೇಲೆ. ಹಾಡು ಮುಗಿದ ಮೇಲೆ ಅಧ್ಯಕ್ಷರು ಗೋಸುಂಬೆಯನ್ನು ತರಿಸಿದರು. ಅದರ ನಡುವಿಗೆ ದಾರ ಕಟ್ಟಿದ್ದರು. ಮೈ ಇಡೀ ಕಪ್ಪಾಗಿ, ಪಕ್ಕೆಗಳು ಒಳಗೆ ಹೋಗಿದ್ದವು. ಹಿಂದಿನ ಸಂಜೆಯಿಂದ ಒಂದು ಹನಿ ನೀರು ಕೊಟ್ಟಿರಲಿಲ್ಲ ಎಂಬುದು ನೋಡಿದರೇ ತಿಳಿಯುತ್ತಿತ್ತು.

ಕೆಂಪು ಶಾಲಿನ ಮೇಲೆ ಇಟ್ಟರು. ಕಪ್ಪಾಗಿಯೇ ಇತ್ತು. ಹಳದಿ ಪೀತಾಂಬರದ ಮೇಲೆ ಇಟ್ಟರು. ಕಪ್ಪಾಗಿಯೇ ಇತ್ತು. ಬೆಳ್ಳಿ ತಟ್ಟೆಯ ಮೇಲೆ ಇಟ್ಟರು. ಎಲ್ಲಿ ನಿಮ್ಮ ಬಣ್ಣ ಎಂದು ಅಧಿಕಾರಿ ನಗುತ್ತಾ ಕೇಳಿದರು. ಅಧ್ಯಕ್ಷರಿಗೆ ಇರುಸುಮುರುಸಾಯಿತು. ಈಗ ಆಗುತ್ತದೆ ಎಂದು ಅದರ ಹೊಟ್ಟೆಗೆ ಬೆರಳಿನಿಂದ ತಿವಿದರು, ಮತ್ತೆ ತಿವಿದರು. ಅದು ಬಾಯಿ ತೆರೆದು ಬುಸ್ಸೆಂದಿತು. ಆಗ ಹುಡುಗಿಯರ ಸಾಲಿನಿಂದ ದನಿ ಬಂತು.

"ಅದು ಬಟ್ಟೆ ನೋಡಿ ಬಣ್ಣ ಆಗಕಿಲ್ಲ ಸ್ವಾಮಿ. ಅದ್ಕೆ ಭಯ ಆಗೈತೆ. ಬುಡಿ."

ಅವರು ಬಿಡಲಿಲ್ಲ, ಮೂರನೆಯ ಸಲ ತಿವಿದರು. ಅದು ಬೆರಳನ್ನು ಕಚ್ಚಿ ಹಿಡಿಯಿತು. ಅಷ್ಟು ದೊಡ್ಡ ಮನುಷ್ಯರು ಚೀರಿ ಕೈ ಕೊಡವಿದರು. ಗೋಸುಂಬೆ ಕಂಬಕ್ಕೆ ಬಡಿದು ನೆಲಕ್ಕೆ ಬಿತ್ತು. ಇವರು ಹಿಂದಕ್ಕೆ ಸರಿದವರು ಕಾಫಿ ತಟ್ಟೆಯ ಮೇಲೆ ಕಾಲಿಟ್ಟು ಜಮಖಾನದ ಮೇಲೆ ಕುಳಿತುಬಿಟ್ಟರು. ಅಧಿಕಾರಿ ಹೊಟ್ಟೆ ಹಿಡಿದು ನಕ್ಕರು. ಅವರು ನಕ್ಕದ್ದರಿಂದ ಉಳಿದವರೂ ನಕ್ಕರು. ಈ ವಿಷಯದಲ್ಲಿ ನಿಮಗಿಂತ ಆ ಹುಡುಗಿಗೆ ಹೆಚ್ಚು ಗೊತ್ತಿದೆಯಲ್ಲ ಎಂದು ಅಧಿಕಾರಿ ಹೇಳಿದರು. ಹೊಗಳಿಕೆಯ ಮಾತು. ಅವಳಿಗೆ ಅದಕ್ಕಿಂತ ದೊಡ್ಡ ಕೇಡನ್ನು ಯಾರೂ ಮಾಡಲಾರರು ಎಂದು ಆ ಮಹಾನುಭಾವರಿಗೆ ತಿಳಿದಿರಲಿಲ್ಲ. ಅವರು ಆ ಸಂಜೆಯೇ ಮೋಟಾರು ಹತ್ತಿ ಹೋದರು.

ಹುಡುಗಿ ಸಾಲು ಬಿಟ್ಟು ಬಂದು, ಬಿದ್ದದ್ದನ್ನು ಲಂಗದ ಮಡಿಲಿಗೆ ಹಾಕಿಕೊಂಡು, ಹಲ್ಲಿನಿಂದ ದಾರ ಕಡಿದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ನಾನು ತಡೆಯಲಿಲ್ಲ. ಅವಳ ಜೊತೆ ಹೋಗಲೂ ಇಲ್ಲ.

ಮರುದಿನ ಭಾನುವಾರ ಬೆಳಿಗ್ಗೆ ಮೇಷ್ಟ್ರು ಮನೆಗೆ ಬಂದು, ಆ ಹುಡುಗಿಯ ಹೆಸರು ತೆಗೆಯಬೇಕೆಂದು ಅಧ್ಯಕ್ಷರ ಚೀಟಿ ಬಂದಿದೆ ಎಂದರು. ಚೀಟಿಯಲ್ಲಿ, ವಿಷಜಂತುವನ್ನು ಸ್ಕೂಲಿಗೆ ತಂದು ಸಭ್ಯ ಗೃಹಸ್ಥರ ಪ್ರಾಣಕ್ಕೆ ಅಪಾಯ ಉಂಟುಮಾಡಿದ್ದಾಳೆ ಎಂದು ಬರೆದಿತ್ತು. ನಾನು ನೇರವಾಗಿ ಆಸ್ಪತ್ರೆಗೆ ಹೋದೆ. ಬೆರಳಿಗೆ ಟಿಂಕ್ಚರ್ ಹಚ್ಚಿದ್ದೇನೆ, ಗೋಸುಂಬೆಗೆ ವಿಷವಿಲ್ಲ, ಚರ್ಮ ಕೂಡ ಸರಿಯಾಗಿ ಕಿತ್ತಿಲ್ಲ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಹಿಡಿದುಕೊಂಡು ಅಧ್ಯಕ್ಷರ ಮನೆಗೆ ಹೋದೆ. ಅವರು ಬೆರಳಿಗೆ ಬದನೆಕಾಯಿ ಗಾತ್ರದ ಬಟ್ಟೆ ಸುತ್ತಿಕೊಂಡು ಒರಗಿದ್ದರು.

ಡಾಕ್ಟರು ವಿಷವಿಲ್ಲ ಎಂದಿದ್ದಾರೆ, ಆದ್ದರಿಂದ ಚೀಟಿ ಹಿಂದಕ್ಕೆ ತೆಗೆದುಕೊಳ್ಳಬೇಕು ಎಂದೆ.

"ವಿಷ ಇಲ್ಲ ಅಂತ ನನಗೂ ಗೊತ್ತಮ್ಮ," ಎಂದರು. ದನಿ ಏರಿಸಲಿಲ್ಲ. "ಹತ್ತು ಜನದ ಮುಂದೆ ಕುರಿಯೋನ ಮಗಳು ನನಗೆ ಬುಡಿ ಅಂದ್ಲು. ನೀವು ನಿಂತು ಕೇಳಿಸ್ಕೊಂಡ್ರಿ. ನಿಮ್ಮ ಕೆಲಸ ಇನ್ನೂ ಖಾಯಂ ಆಗಿಲ್ಲ ಅಲ್ವೇ?"

ಆ ಗಳಿಗೆಯಲ್ಲಿ ನಾನು ಏನೇನು ಹೇಳಬಹುದಿತ್ತು ಎಂಬುದನ್ನು ಆಮೇಲಿನ ವರ್ಷಗಳಲ್ಲಿ ಸಾವಿರ ಸಲ ಹೇಳಿಕೊಂಡಿದ್ದೇನೆ. ಅಡುಗೆ ಮಾಡುತ್ತಾ, ಬಟ್ಟೆ ಹಿಂಡುತ್ತಾ, ಬಸ್ಸಿನಲ್ಲಿ ಕೂತು. ಅವತ್ತು ಹೇಳಲಿಲ್ಲ. ಮನೆಗೆ ಬಂದೆ. ಅಮ್ಮ ತಟ್ಟೆ ಹಾಕಿದರು. ಊಟ ಮಾಡಿದೆ.

ಸೋಮವಾರ ಮೇಷ್ಟ್ರು ದಾಖಲಾತಿ ಪುಸ್ತಕ ತೆರೆದಿಟ್ಟಿದ್ದರು. ತರಗತಿ ನಿಮ್ಮದು, ನೀವೇ ಬರೆಯಬೇಕು ಎಂದರು. ಹೆಸರಿನ ಮೇಲೆ ಗೆರೆ ಎಳೆದು, ಕಾರಣದ ಕಾಲಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. ವಿಷಜಂತು ಎಂದು ಬರೆದರೆ ನಾಳೆ ಸ್ಕೂಲು ತನಿಖೆಗೆ ಬರುವ ಇನ್ಸ್‌ಪೆಕ್ಟರಮ್ಮ ಪ್ರಶ್ನೆ ಕೇಳುತ್ತಾರೆ ಎಂದು ಅವರು ತುಸು ಯೋಚಿಸಿದರು.

"ಪೋಷಕರ ಇಚ್ಛೆಯಂತೆ, ಅಂತ ಬರೀರಮ್ಮ. ಯಾರಿಗೂ ತೊಂದರೆ ಇರೋದಿಲ್ಲ."

ಬರೆದೆ. ದುಂಡಗೆ, ತಪ್ಪಿಲ್ಲದೆ ಬರೆದೆ. ಮೇಷ್ಟ್ರು ಮಸಿ ಒತ್ತುವ ಕಾಗದ ಒತ್ತಿದರು. ಮೇಷ್ಟರ ಮೇಲೂ ನನಗೆ ಸಿಟ್ಟಿದೆ. ಪಾಪ ಅವರು, ಪೆನ್ಷನ್ ಹತ್ತಿರವಿತ್ತು ಎಂದು ಜನ ಹೇಳುತ್ತಾರೆ. ಪಾಪ ಎನ್ನಿಸಿಕೊಂಡವರೇ ಊರಲ್ಲೆಲ್ಲ ಮಡಕೆ ಎತ್ತಿ ಕೊಡುವವರು.

ಸ್ಕೂಲು ಮುಗಿದ ಮೇಲೆ ಹಟ್ಟಿಗೆ ಹೋದೆ. ತಾಯಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು, ಮಗಳು ಪಕ್ಕದಲ್ಲಿ ಕೂತು ನಾರು ತೆಗೆಯುತ್ತಿದ್ದಳು. ಗೋಸುಂಬೆಯ ಮುಂಗಾಲು ಮುರಿದಿತ್ತಂತೆ. ತಂಗಡಿ ಗಿಡದ ಮೇಲೆ ಬಿಟ್ಟರೆ ಹಿಡಿದುಕೊಳ್ಳಲಾಗದೆ ಮತ್ತೆ ಮತ್ತೆ ಬೀಳುತ್ತಿತ್ತಂತೆ. ಆ ಬೆಳಿಗ್ಗೆ ಸತ್ತಿತ್ತು. ಇದನ್ನು ಹೇಳಿದ್ದು ತಾಯಿ, ಮಗಳು ತಲೆ ಎತ್ತಲಿಲ್ಲ. ಸ್ಕೂಲಿನ ವಿಷಯ ನಾನು ಹೇಗೋ ಹೇಳಿದೆ. ಅಧ್ಯಕ್ಷರ ಹೆಸರು ಹೇಳಿದೆ, ಚೀಟಿ ಹೇಳಿದೆ, ನಾನು ಬರೆದದ್ದನ್ನು ಮಾತ್ರ ಹೇಳಲಿಲ್ಲ. ಆ ತಾಯಿ ಬೈಯಲಿ ಎಂದು ಕಾದೆ.

"ಓಗ್ಲಿ ಬುಡಿ ಅಮ್ಮಾರೇ," ಎಂದರು. "ದೊಡ್ಡೋರ ಸವಾಸ. ಓದ್ದಷ್ಟು ಓದ್ಲಲ್ಲ."

ಹೋಗುವಾಗ ನನ್ನ ಸೆರಗಿಗೆ ಒಂದು ಉಂಡೆ ಹುಣಸೆಹಣ್ಣು ಕಟ್ಟಿ ಕಳಿಸಿದರು. ದಾರಿಯುದ್ದಕ್ಕೂ ಅದನ್ನು ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಅಮ್ಮ ಆ ಹುಣಸೆಯಲ್ಲಿ ಒಂದು ವಾರ ಸಾರು ಮಾಡಿದರು, ನಾನು ಒಂದು ವಾರ ಮಜ್ಜಿಗೆಯಲ್ಲಿ ಉಂಡೆ.

ಒಂದು ತಿಂಗಳಾದ ಮೇಲೆ ತಡೆಯಲಾಗದೆ ಇನ್ಸ್‌ಪೆಕ್ಟರಮ್ಮನಿಗೆ ಅರ್ಜಿ ಬರೆದೆ. ನಡೆದದ್ದನ್ನೆಲ್ಲ ಬರೆದು, ದಾಖಲಾತಿ ಪುಸ್ತಕದಲ್ಲಿ ನಾನು ಬರೆದ ಕಾರಣ ಸುಳ್ಳು, ಹುಡುಗಿಯನ್ನು ಮತ್ತೆ ಸೇರಿಸಿಕೊಳ್ಳಬೇಕು ಎಂದು ಸಹಿ ಹಾಕಿದೆ. ಎರಡು ತಿಂಗಳಿಗೆ ಉತ್ತರ ಬಂತು. ಅನುಮತಿಯಿಲ್ಲದೆ ತರಗತಿಯಲ್ಲಿ ಪ್ರಾಣಿ ಇಟ್ಟುಕೊಂಡದ್ದಕ್ಕೆ ನನಗೆ ಎಚ್ಚರಿಕೆ, ಜೊತೆಗೆ ಪಾವಗಡಕ್ಕೆ ವರ್ಗ. ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಹುಡುಗಿಯ ಮಾತೇ ಅದರಲ್ಲಿರಲಿಲ್ಲ. ಮೂರು ಪುಟ ಬರೆದಿದ್ದೆ, ಅವರ ಕಣ್ಣಿಗೆ ಬಿದ್ದದ್ದು ಗೋಸುಂಬೆ ಒಂದೇ.

ಪಾವಗಡದಲ್ಲಿ ಹನ್ನೊಂದು ವರ್ಷ ಇದ್ದೆ. ತೆಲುಗು ಕಲಿತೆ. ಅಮ್ಮ ಅಲ್ಲೇ ತೀರಿಕೊಂಡರು. ಕೆಲಸ ಖಾಯಂ ಆಯಿತು. ಆಮೇಲೆ ನಾನು ಯಾರ ಮಾತಿಗೂ ಸುಳ್ಳು ಬರೆದದ್ದಿಲ್ಲ. ಅದಕ್ಕೆ ನನಗೆ ಜಗಳಗಂಟಿ ಎಂಬ ಹೆಸರು ಬಂತು, ಆ ಹೆಸರನ್ನು ನಾನು ಸಂತೋಷದಿಂದಲೇ ಇಟ್ಟುಕೊಂಡೆ.

ಒಂಬತ್ತನೆಯ ವರ್ಷವೋ ಏನೋ, ಕೆಮ್ಮಿಗೆ ಔಷಧಿ ತರಲು ಆಸ್ಪತ್ರೆಗೆ ಹೋಗಿದ್ದೆ. ಜಗಲಿಯಲ್ಲಿ ಹೆಂಗಸರ ಗುಂಪು. ಮಧ್ಯದಲ್ಲಿ ಒಬ್ಬಳು ಕಂಕುಳಲ್ಲಿ ಮಗು ಇಟ್ಟುಕೊಂಡು, ಒಬ್ಬೊಬ್ಬರ ಚೀಟಿಯನ್ನೂ ತೆಗೆದುಕೊಂಡು ಓದಿ ಹೇಳುತ್ತಿದ್ದಳು. ಇದು ದಿನಕ್ಕೆ ಮೂರು ಸಲ, ಇದು ಊಟ ಆದ ಮೇಲೆ, ಇದು ಕುಡಿಯುವುದಲ್ಲ ಹಚ್ಚುವುದು. ಅರ್ಧ ಕನ್ನಡ, ಅರ್ಧ ತೆಲುಗು. ಆ ದನಿ ಕೇಳಿ ನನಗೆ ಮೊದಲು ಗುರುತು ಸಿಕ್ಕಿತು, ಮುಖ ಆಮೇಲೆ.

ಅವಳೂ ಗುರುತು ಹಿಡಿದಳು. ಪಾವಗಡದ ಆಚೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರಂತೆ. ಅಪ್ಪ ತೀರಿಕೊಂಡು ಎರಡು ವರ್ಷ. ನನಗೆ ಅಳು ಬಂತು. ಆವತ್ತು ಅಧ್ಯಕ್ಷರು ಹಾಗೆ ಮಾಡಿದರು, ಅವರನ್ನು ಮೀರಿ ನನ್ನಿಂದ ಏನೂ ಮಾಡಲಾಗಲಿಲ್ಲ ಎಂದು ಶುರುಮಾಡಿದೆ. ಅವಳು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು.

"ಅವ್ರಿಗೆ ನನ್ ಹೆಸ್ರೇ ಗೊತ್ತಿರ್ಲಿಲ್ಲ ಅಮ್ಮಾರೇ. ಬರ್ದೋರು ನೀವು."

ನೀವು ಪಾವಗಡಕ್ಕೆ ಹೋದ ಮೇಲೆ ನಮ್ಮಪ್ಪ ಸ್ಕೂಲಿಗೆ ಹೋಗಿದ್ದರು, ಮಗಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು ಕೇಳಲು, ಎಂದು ಅವಳು ಹೇಳಿದಳು. ಮೇಷ್ಟ್ರು ಪುಸ್ತಕ ತೆಗೆದು, ನೀನೇ ಬಿಡಿಸಿದ್ದು ಎಂದು ಪಾಠ ಹೇಳುತ್ತಿದ್ದ ಅಮ್ಮನವರೇ ಇದರಲ್ಲಿ ಬರೆದಿದ್ದಾರಲ್ಲಪ್ಪ ಎಂದರಂತೆ.

"ಅಪ್ಪಂಗೆ ಓದಾಕ್ ಬರ್ತಿರ್ಲಿಲ್ಲ. ಪುಸ್ತಕದಾಗ್ ಐತೆ ಅಂದ್ಮೇಲೆ ನಿಜಾನೇ ಇರ್ಬೇಕು ಅಂದ್ಕೊಂಡ. ನಾನ್ಯಾವಾಗ ಬುಡುಸ್ದೆ, ಯಾವಾಗ ಬುಡುಸ್ದೆ ಅಂತ ಸಾಯೋಗಂಟ ಕೇಳ್ತಿದ್ದ."

ಒಂದು ಗಳಿಗೆ ನನಗೆ ಅವಳ ಮೇಲೂ ಸಿಟ್ಟು ಬಂತು. ಅದನ್ನೂ ಮುಚ್ಚಿಡುವುದಿಲ್ಲ. ನಾನು ಅರ್ಜಿ ಬರೆದದ್ದು, ಅದಕ್ಕೇ ವರ್ಗವಾದದ್ದು, ಇಷ್ಟು ವರ್ಷ ಒಳಗೇ ಕುದಿದದ್ದು, ಯಾವುದೂ ಅವಳಿಗೆ ಗೊತ್ತಿಲ್ಲ ಎನ್ನಿಸಿತು. ಹೇಳಬೇಕೆಂದು ಬಾಯಿ ತೆರೆದೆ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ; ಪಾಠ ಒಪ್ಪಿಸಿದ ಹಾಗೆ ನಡೆದದ್ದನ್ನು ಹೇಳಿ ಮುಗಿಸಿದ್ದಳು. ನನ್ನ ಅರ್ಜಿಯಿಂದ ಅವಳಪ್ಪನಿಗೆ ಏನಾಗಬೇಕಿತ್ತು? ನಾನೇ ಬರೆದೆ, ತಪ್ಪು ಮಾಡಿದೆ ಎಂದೆ. ಬೇರೇನೂ ಹೇಳಲಿಲ್ಲ.

ಅವಳು ಹೂಂ ಎಂದಳು. ಅಷ್ಟರಲ್ಲಿ ಒಬ್ಬ ಮುದುಕಿ ಅವಳ ಮೊಣಕೈ ಹಿಡಿದು ತನ್ನ ಚೀಟಿ ಮುಂದೆ ಮಾಡಿದಳು. ಅವಳು ಅದನ್ನು ಬೆಳಕಿಗೆ ಹಿಡಿದು, ಕಾಂಪೌಂಡರನ ಅಕ್ಷರವನ್ನು ಸ್ವಲ್ಪ ಹೊತ್ತು ದಿಟ್ಟಿಸಿ, ರಾತ್ರಿ ಮಲಗುವಾಗ ಒಂದು ಚಮಚ ಎಂದು ತೆಲುಗಿನಲ್ಲಿ ಹೇಳತೊಡಗಿದಳು.